ಅಮೆರಿಕದ ಪಶ್ಚಿಮ ವಿಸ್ತರಣೆ ಬಗ್ಗೆ ಪ್ರಾಜೆಕ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯಲ್ಲಿ ಕನ್ನಡದ ಮನೆಗಳು ಬಹಳ. ಆ ಮನೆಗಳ ಮಕ್ಕಳಿಗೆ ಇತಿಹಾಸದ ಪ್ರಾಜೆಕ್ಟ್ ಮಾಡಲು ನಾನು ಕೆಲವು ವರ್ಷಗಳಿಂದ ಜೊತೆಯಾಗುತ್ತಿದ್ದೇನೆ. ಯುಗಾದಿ ಊಟದ ಸಾಲಿನಲ್ಲಿ, ಫೋನಿನಲ್ಲಿ, ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜಿನಲ್ಲಿ ಕೇಳಿಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕರ್ನಾಟಕದಲ್ಲಿ ಇತಿಹಾಸ ಎಂ.ಎ. ಓದುವವರು ಕಳಿಸಿದ ಪ್ರಶ್ನೆಗಳೂ ಕೊನೆಯ ಭಾಗದಲ್ಲಿವೆ.

## ಶುರು ಮಾಡುವಾಗ

"ವೆಸ್ಟ್‌ವರ್ಡ್ ಎಕ್ಸ್‌ಪ್ಯಾನ್ಷನ್ ಅಂದ್ರೆ ಏನು? ನಾನು ಓದಿದ್ದು ಹಾಸನದಲ್ಲಿ. ಮಗಳಿಗೆ ಹೇಗೆ ಹೇಳಿಕೊಡಲಿ?"

1783ರಲ್ಲಿ ಬ್ರಿಟನ್ ಜೊತೆ ಒಪ್ಪಂದವಾದಾಗ ಅಮೆರಿಕದ ಪಶ್ಚಿಮದ ಗಡಿ ಮಿಸಿಸಿಪಿ ನದಿ. ಎಪ್ಪತ್ತು ವರ್ಷ ತುಂಬುವ ಮೊದಲೇ ಆ ಗಡಿ ಪೆಸಿಫಿಕ್ ಸಾಗರ ಮುಟ್ಟಿತು. ನೆಲ ಕೈಗೆ ಬಂದ ದಾರಿ ಬೇರೆ ಬೇರೆ. 1803ರಲ್ಲಿ ನೆಪೋಲಿಯನ್‌ಗೆ ಒಂದೂವರೆ ಕೋಟಿ ಡಾಲರ್ ಕೊಟ್ಟು ಲೂಸಿಯಾನಾ ಪ್ರಾಂತ್ಯ ಕೊಂಡರು. 1845ರಲ್ಲಿ ಟೆಕ್ಸಸ್ ಸೇರಿಸಿಕೊಂಡರು. 1846ರಲ್ಲಿ ಒರೆಗಾನ್ ಸೀಮೆಯನ್ನು ಬ್ರಿಟನ್ ಜೊತೆ ಹಂಚಿಕೊಂಡರು. ಮೆಕ್ಸಿಕೋ ಮೇಲೆ ಯುದ್ಧ ಮಾಡಿ, 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಸೇರಿದಂತೆ ದೊಡ್ಡ ಭೂಭಾಗ ಪಡೆದರು.

ಇದು ಕಾಗದದ ಲೆಕ್ಕ. ನೆಪೋಲಿಯನ್ ಮಾರಿದ ನೆಲದಲ್ಲಿ ಓಸೇಜ್, ಮ್ಯಾಂಡನ್, ಲಕೋಟಾ ಜನ ಬಾಳುತ್ತಿದ್ದರು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮಗಳಿಗೆ ಈ ಮಾತನ್ನು ಮೊದಲೇ ಹೇಳಿ. ಖಾಲಿ ಜಾಗಕ್ಕೆ ಜನ ಹೋಗಿ ನೆಲೆಸಿದರು ಅಂತ ಮಗುವಿನ ತಲೆಯಲ್ಲಿ ಒಮ್ಮೆ ಕೂತರೆ, ಆಮೇಲೆ ಎಷ್ಟು ಓದಿದರೂ ಅದು ಅಳಿಸುವುದಿಲ್ಲ.

"ಮಗ ಒರೆಗಾನ್ ಟ್ರೈಲ್ ಬಗ್ಗೆ ಮಾಡ್ತೀನಿ ಅಂತಾನೆ. ವಿಷಯ ಸಿಕ್ತಲ್ವಾ, ಇನ್ನೇನು ಬೇಕು?"

ವಿಷಯ ಸಿಕ್ಕಿದೆ, ಪ್ರಶ್ನೆ ಇನ್ನೂ ಸಿಕ್ಕಿಲ್ಲ. ಮಿಸೌರಿಯಿಂದ ಒರೆಗಾನ್‌ನ ವಿಲಾಮೆಟ್ ಕಣಿವೆವರೆಗೆ ಸುಮಾರು 2,000 ಮೈಲಿ, ನಾಲ್ಕರಿಂದ ಆರು ತಿಂಗಳ ದಾರಿ. ಅಷ್ಟನ್ನೂ ಹತ್ತು ಪುಟದಲ್ಲಿ ಹೇಳಲು ಹೊರಟರೆ ಯಾವುದೂ ಸರಿಯಾಗಿ ಹೇಳಿದಂತಾಗುವುದಿಲ್ಲ. ಒಂದು ವರ್ಷ, ಒಂದು ಜಾಗ, ಒಂದು ಗುಂಪು, ಇಲ್ಲವೇ ಒಂದು ವಸ್ತು ಹಿಡಿಯಲಿ.

ಒಬ್ಬ ಹುಡುಗ ಎತ್ತುಗಳನ್ನು ಹಿಡಿದ. ಸಿನಿಮಾದಲ್ಲಿ ಗಾಡಿಗೆ ಕುದುರೆ ಕಟ್ಟಿರುತ್ತಾರೆ. ನಿಜವಾದ ದಾರಿಯಲ್ಲಿ ಜಾಸ್ತಿ ಇದ್ದದ್ದು ಎತ್ತು. ಯಾಕೆ ಅನ್ನುವುದೇ ಅವನ ಪ್ರಶ್ನೆಯಾಯಿತು. ಎತ್ತಿನ ಬೆಲೆ ಕಡಿಮೆ, ನಡಿಗೆ ನಿಧಾನ, ಆದರೆ ದಾರಿಯಲ್ಲಿ ಸಿಕ್ಕ ಹುಲ್ಲು ಮೇಯ್ದು ಬದುಕುತ್ತದೆ. ಅಷ್ಟು ಬರೆದು ನಿಲ್ಲಿಸಿದ್ದವನಿಗೆ ಮಂಡ್ಯದ ಅಜ್ಜನಿಗೆ ಫೋನ್ ಮಾಡು ಅಂದೆ. ಅಜ್ಜ ಕೇಳಿದ್ದು ಒಂದೇ ಮಾತು: "ಅಷ್ಟು ದೂರ ನಡೆದ್ರೆ ಗೊರಸು ಸವೆಯಲ್ವೇನೋ? ಲಾಳ ಎಲ್ಲಿ ಕಟ್ಟಿಸ್ತಿದ್ರು?" ಎತ್ತನ್ನು ಹಗ್ಗ ಹಾಕಿ ಕೆಡವಿ, ಸೀಳು ಗೊರಸಿಗೆ ಎರಡು ತುಂಡು ಲಾಳ ಹೊಡೆಯುವುದನ್ನು ಅಜ್ಜ ವಿವರಿಸಿದರು. ಆಮೇಲೆ ಹುಡುಗ ಪ್ರಯಾಣಿಕರ ಡೈರಿಗಳಲ್ಲಿ ಲಾಳ ಹುಡುಕಿದ. ಅಲ್ಲೂ ಅದೇ ಎರಡು ತುಂಡು, ಎತ್ತನ್ನು ಮಲಗಿಸಿ ಹೊಡೆಯುವ ಅದೇ ಪಾಡು. ಅಲ್ಲಿಂದ ಅವನ ಪ್ರಾಜೆಕ್ಟಿಗೆ ಜೀವ ಬಂತು.

"ರೆಡ್ ಇಂಡಿಯನ್ ಅಂತ ಬರೆಯಬಹುದಾ? ನಾವು ಶಾಲೆಯಲ್ಲಿ ಹಾಗೇ ಕಲಿತದ್ದು."

ಬೇಡ. ಅದು ಬಣ್ಣದ ಮೇಲೆ ಇಟ್ಟ ಹೆಸರು, ನೋವು ಕೊಡುವ ಹೆಸರು. ಜನಾಂಗದ ಹೆಸರು ಗೊತ್ತಿದ್ದರೆ ಅದನ್ನೇ ಬರೆಯಿರಿ: ಚೆರೋಕಿ, ಶೋಶೋನಿ, ನೆಜ್ ಪರ್ಸ್. ಒಟ್ಟಾಗಿ ಹೇಳಬೇಕಾದಾಗ ಮೂಲನಿವಾಸಿಗಳು ಅನ್ನಿ. ಆದರೆ 1830ರ ಇಂಡಿಯನ್ ರಿಮೂವಲ್ ಆ್ಯಕ್ಟ್ ತರಹದ ಕಾನೂನಿನ ಹೆಸರನ್ನಾಗಲಿ, ಹಳೆ ದಾಖಲೆಯ ಸಾಲನ್ನಾಗಲಿ ತಿದ್ದಬೇಡಿ.

"ಕಾಡುಜನ" ಎಂಬ ಮಾತೂ ಬೇಡ. ಚೆರೋಕಿ ಜನ 1828ರಲ್ಲೇ ತಮ್ಮ ಪತ್ರಿಕೆ ಅಚ್ಚು ಹಾಕಿದವರು. ಸಿಕ್ವೋಯಾ ಎಂಬಾತ ಅವರ ಭಾಷೆಗೆ ಲಿಪಿ ಕಟ್ಟಿಕೊಟ್ಟಿದ್ದ. ನಮ್ಮ ಕಾಗುಣಿತದ ಹಾಗೆ ಅಲ್ಲೂ ಕ, ಕಿ, ಕು ಎಂಬ ಉಚ್ಚಾರಕ್ಕೆ ಒಂದೊಂದು ಅಕ್ಷರ. ಒಂದೇ ವ್ಯತ್ಯಾಸ: ಆ ಅಕ್ಷರಗಳು ನಮ್ಮವುಗಳ ಹಾಗೆ ಒಂದನ್ನೊಂದು ಹೋಲುವುದಿಲ್ಲ. ಕನ್ನಡ ಓದಲು ಬರುವ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.

"ಮ್ಯಾನಿಫೆಸ್ಟ್ ಡೆಸ್ಟಿನಿ ಅನ್ನೋದನ್ನ ಕನ್ನಡದಲ್ಲಿ ಹೇಗೆ ಹೇಳೋದು?"

1845ರಲ್ಲಿ ಜಾನ್ ಓ'ಸಲಿವನ್ ಎಂಬ ಪತ್ರಿಕಾ ಸಂಪಾದಕರ ಬಳಗದಿಂದ ಹೊರಟ ಮಾತು ಇದು. ಈ ಖಂಡವೆಲ್ಲ ನಮಗೇ ಸೇರಬೇಕೆಂದು ದೇವರು ಬರೆದಿಟ್ಟಿದ್ದಾನೆ, ಅದು ಕಣ್ಣಿಗೆ ಕಾಣುವಷ್ಟು ಸ್ಪಷ್ಟ ಎಂಬ ಅರ್ಥ. "ಹಣೆಬರಹ" ಅಂದರೆ ಸರಿಹೋಗುವುದಿಲ್ಲ. ನಮ್ಮಲ್ಲಿ ಹಣೆಬರಹ ಅನ್ನುವುದು ಬಂದದ್ದನ್ನು ಅನುಭವಿಸುವಾಗ. ಇಲ್ಲಿಯದು ಇನ್ನೊಬ್ಬರದನ್ನು ತೆಗೆದುಕೊಳ್ಳುವಾಗ ಆಡಿದ ಮಾತು. "ದೈವದತ್ತ ಹಕ್ಕು" ಹತ್ತಿರ ಬರುತ್ತದೆ. ಆಗಲೂ ಎಲ್ಲ ಅಮೆರಿಕನ್ನರು ಇದನ್ನು ಒಪ್ಪಿರಲಿಲ್ಲ. ಮೆಕ್ಸಿಕೋ ಯುದ್ಧವನ್ನು ಕಾಂಗ್ರೆಸ್ಸಿನಲ್ಲೇ ಪ್ರಶ್ನಿಸಿದವರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು.

## ಆಕರ ಹುಡುಕುವಾಗ

"ಮೂಲ ಆಕರ ಅಂದ್ರೆ ಹಳೇದು ಅಂತಷ್ಟೇನಾ? ಓದಿದ್ರೆ ಎಲ್ಲಾ ಗೊತ್ತಾಗುತ್ತಾ?"

ಆ ಕಾಲದಲ್ಲಿ ಆ ಜಾಗದಲ್ಲಿ ಇದ್ದವರು ಬಿಟ್ಟುಹೋದದ್ದು ಮೂಲ ಆಕರ. ಡೈರಿ, ಪತ್ರ, ಒಪ್ಪಂದ, ಫೋಟೋ, ಅಂಗಡಿ ಲೆಕ್ಕ, ಏನೂ ಆಗಬಹುದು. ಆದರೆ ಬರೆದವರು ಎಲ್ಲವನ್ನೂ ಬರೆಯುವುದಿಲ್ಲ.

ನಾನು ಯಾವಾಗಲೂ ಅಮೀಲಿಯಾ ಸ್ಟೂವರ್ಟ್ ನೈಟ್ ಅವರ 1853ರ ಡೈರಿಯಿಂದ ಶುರು ಮಾಡಿಸುತ್ತೇನೆ. ಗಂಡ, ಏಳು ಮಕ್ಕಳ ಜೊತೆ ಏಪ್ರಿಲ್‌ನಲ್ಲಿ ಅಯೋವಾದಿಂದ ಗಾಡಿ ಕಟ್ಟಿಕೊಂಡು ಹೊರಟ ತಾಯಿ. ಮಳೆ, ಕೆಸರು, ಹುಲ್ಲು, ನೀರು, ಸತ್ತ ಎತ್ತು, ಎಲ್ಲ ದಿನ ದಿನವೂ ಇದೆ. ಒಂದು ದಿನ ಮಗಳು ಲೂಸಿಯನ್ನು ತಂಗಿದ ಜಾಗದಲ್ಲೇ ಮರೆತು ಕೆಲವು ಮೈಲಿ ಮುಂದೆ ಹೋಗಿಬಿಡುತ್ತಾರೆ. ಹಿಂದಿನಿಂದ ಬಂದ ಗಾಡಿಯವರು ಅವಳನ್ನು ತಂದೊಪ್ಪಿಸುತ್ತಾರೆ. ಅದನ್ನೂ ಬರೆದಿದ್ದಾರೆ. ಸೆಪ್ಟೆಂಬರ್‌ನಲ್ಲಿ ಡೈರಿ ಮುಗಿಯುವಾಗ, ರಸ್ತೆ ಬದಿಯಲ್ಲಿ ಎಂಟನೇ ಮಗು ಹುಟ್ಟಿತು ಎಂಬ ಮಾತು ಬರುತ್ತದೆ. ಅಂದರೆ ಇಡೀ ದಾರಿ ಆಕೆ ಬಸುರಿ. ಅಲ್ಲಿಯವರೆಗೆ ಆ ವಿಷಯ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ.

ಈ ಸಾಲಿಗೆ ಬಂದಾಗ ಮಕ್ಕಳು ಡೈರಿಯನ್ನು ಹಿಂದಕ್ಕೆ ತಿರುಗಿಸುತ್ತಾರೆ. "ಮೈಗೆ ಹುಷಾರಿಲ್ಲ" ಅಂತ ಬರೆದ ದಿನಗಳನ್ನು ಮತ್ತೆ ಓದುತ್ತಾರೆ. ಹೇಳದೆ ಬಿಟ್ಟದ್ದು ಏನು, ಯಾಕೆ ಅಂತ ಕೇಳುವುದನ್ನು ಯಾರೂ ಕಲಿಸಬೇಕಾಗುವುದಿಲ್ಲ.

"ಇವೆಲ್ಲ ಎಲ್ಲಿ ಸಿಗ್ತವೆ? ದುಡ್ಡು ಕಟ್ಟಬೇಕಾ?"

ಬೇಕಾಗಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳನ್ನೂ ನಕ್ಷೆಗಳನ್ನೂ ಸ್ಕ್ಯಾನ್ ಮಾಡಿ ಇಟ್ಟಿದೆ. ಒಪ್ಪಂದಗಳಿಗೆ, ಸರ್ಕಾರಿ ಕಡತಗಳಿಗೆ ನ್ಯಾಷನಲ್ ಆರ್ಕೈವ್ಸ್. 1804ರಿಂದ 1806ರವರೆಗೆ ಪೆಸಿಫಿಕ್‌ವರೆಗೆ ಹೋಗಿ ಬಂದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ದಿನಚರಿ ಪೂರ್ತಿಯಾಗಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಾಣದಲ್ಲಿದೆ. ಯಾವ ಜಮೀನು ಯಾರಿಗೆ ಯಾವಾಗ ಹೋಯಿತು ಅಂತ ನೋಡಲು ಭೂ ಇಲಾಖೆಯ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳಿವೆ. ಧಾರವಾಡದಲ್ಲಿ ಕೂತು ಓದುವವರಿಗೂ ಇವೆಲ್ಲ ಅಷ್ಟೇ ಸಲೀಸಾಗಿ ತೆರೆದುಕೊಳ್ಳುತ್ತವೆ.

ಕೈಬರಹ ಓದಲು ಮಕ್ಕಳು ಒದ್ದಾಡುತ್ತಾರೆ. ಅಚ್ಚಾದ ಪ್ರತಿ ಇದ್ದರೆ ಮೊದಲು ಅದನ್ನು ಓದಿ, ಆಮೇಲೆ ಒಂದು ಪುಟವನ್ನಾದರೂ ಕೈಬರಹದಲ್ಲಿ ನೋಡಲಿ.

"ಬೋರ್ಡ್ ಮೇಲೆ ಆ ಹಾರುವ ಹೆಂಗಸಿನ ಚಿತ್ರ ಅಂಟಿಸಿದ್ರೆ ಸಾಕಾ?"

1872ರಲ್ಲಿ ಜಾನ್ ಗ್ಯಾಸ್ಟ್ ಬರೆದ "ಅಮೆರಿಕನ್ ಪ್ರೋಗ್ರೆಸ್" ಎಂಬ ಚಿತ್ರ ಅದು. ಸುಮ್ನೆ ಅಂಟಿಸಿದರೆ ಅಲಂಕಾರ, ಓದಿದರೆ ಆಕರ. ಮಧ್ಯದಲ್ಲಿ ಬಿಳಿ ಉಡುಗೆಯ ಹೆಣ್ಣು, ಹಣೆಯಲ್ಲಿ ನಕ್ಷತ್ರ. ಒಂದು ಕೈಯಲ್ಲಿ ಶಾಲಾ ಪುಸ್ತಕ, ಇನ್ನೊಂದರಲ್ಲಿ ಎಳೆಯುತ್ತಾ ಹೋಗುವ ಟೆಲಿಗ್ರಾಫ್ ತಂತಿ. ಬಲಕ್ಕೆ ಬೆಳಕು, ಹಡಗು, ಸೇತುವೆ. ಎಡಕ್ಕೆ ಕತ್ತಲು, ಓಡಿಹೋಗುತ್ತಿರುವ ಮೂಲನಿವಾಸಿಗಳು, ಕಾಡೆಮ್ಮೆಗಳು. ಓಡುವವರಲ್ಲಿ ಕೆಲವರು ತಿರುಗಿ ನೋಡುತ್ತಿದ್ದಾರೆ.

ಮಗುವಿಗೆ ಎರಡು ಪ್ರಶ್ನೆ ಕೊಡಿ. ಬೆಳಕು ಯಾಕೆ ಬಲಗಡೆಯಿಂದಲೇ ಬರುತ್ತದೆ? ಚಿತ್ರಕ್ಕೆ ದುಡ್ಡು ಕೊಟ್ಟವರು ಯಾರು? ಇದನ್ನು ಬರೆಸಿದ್ದು ಪಶ್ಚಿಮಕ್ಕೆ ಹೋಗುವವರಿಗೆ ಗೈಡ್ ಪುಸ್ತಕ ಮಾರುತ್ತಿದ್ದ ಜಾರ್ಜ್ ಕ್ರಾಫಟ್. ಮೂಲಚಿತ್ರ ಒಂದೂವರೆ ಅಡಿ ಅಗಲವೂ ಇಲ್ಲ. ಅಚ್ಚು ಹಾಕಿ ಹಂಚಿದ್ದರಿಂದ ಮನೆ ಮನೆಗೆ ಹೋಯಿತು.

"ಚೀಫ್ ಸಿಯಾಟಲ್ ಪತ್ರ ಎಷ್ಟು ಚೆನ್ನಾಗಿದೆ! ಅದನ್ನ ಹಾಕಬಹುದಲ್ವಾ?"

ಮೂಲನಿವಾಸಿ ನಾಯಕ ಸಿಯಾಟಲ್ ಹೆಸರಿನಲ್ಲಿ ಓಡಾಡುವ, ನೆಲ ಮತ್ತು ಪ್ರಕೃತಿಯ ಬಗೆಗಿನ ಪತ್ರ ಅದು. ಕನ್ನಡದಲ್ಲೂ ಅದನ್ನು ಓದಿ ಕಣ್ಣು ತುಂಬಿಕೊಂಡವರು ಬಹಳ. ನಾನೂ ಅವರಲ್ಲಿ ಒಬ್ಬ. ನಮ್ಮ ಮನೆಯ ಹುಡುಗಿಯ ಮೊದಲ ಪ್ರಾಜೆಕ್ಟಿಗೆ ನಾನೇ ಅದನ್ನು ಹುಡುಕಿಕೊಟ್ಟೆ. ಸ್ಪರ್ಧೆಯ ತೀರ್ಪುಗಾರರು ನಯವಾಗಿಯೇ ಕೇಳಿದರು: "ಇದು ಯಾವ ವರ್ಷದ ದಾಖಲೆ?" ಅವಳಲ್ಲಿ ಉತ್ತರ ಇರಲಿಲ್ಲ, ನನ್ನಲ್ಲೂ ಇರಲಿಲ್ಲ.

ಸಿಯಾಟಲ್ ಎಂಬ ನಾಯಕ ನಿಜ. 1854ರ ಸುಮಾರಿಗೆ ಗವರ್ನರ್ ಎದುರು ಮಾತಾಡಿದ್ದರು ಎನ್ನುತ್ತಾರೆ. ಆ ಭಾಷಣ ಮೊದಲು ಅಚ್ಚಾದದ್ದು 1887ರಲ್ಲಿ, ಹೆನ್ರಿ ಸ್ಮಿತ್ ಎಂಬವರ ಇಂಗ್ಲಿಷಿನಲ್ಲಿ. ನಾವು ಓದಿದ ಪರಿಸರದ ಪತ್ರ ಅದೂ ಅಲ್ಲ. ಅದು 1970ರ ದಶಕದ ಆರಂಭದಲ್ಲಿ ಟೆಡ್ ಪೆರ್ರಿ ಒಂದು ಸಿನಿಮಾಕ್ಕಾಗಿ ಬರೆದ ಮಾತು. ಒಳಗೇ ಸುಳಿವಿದೆ. ರೈಲಿನಿಂದ ಗುಂಡು ಹೊಡೆದು ಕೊಂದ ಕಾಡೆಮ್ಮೆಗಳನ್ನು ಕಂಡೆ ಎಂಬ ಸಾಲು ಅದರಲ್ಲಿ ಬರುತ್ತದೆ. ಸಿಯಾಟಲ್ ಬಾಳಿದ ಕಡಲ ದಂಡೆಯಲ್ಲಿ ಆಗ ಕಾಡೆಮ್ಮೆಯೂ ಇರಲಿಲ್ಲ, ರೈಲೂ ಇರಲಿಲ್ಲ.

ಹಾಕಲೇಬೇಕೆಂದಿದ್ದರೆ, ಈ ಪತ್ರ ಹೇಗೆ ಹುಟ್ಟಿತು ಎನ್ನುವುದನ್ನೇ ಪ್ರಾಜೆಕ್ಟ್ ಮಾಡಿ. ಎಐ ಬರೆದುಕೊಟ್ಟ ಉದ್ಧರಣೆಗಳಿಗೂ ಇದೇ ಪರೀಕ್ಷೆ: ಮೊದಲು ಎಲ್ಲಿ, ಯಾವಾಗ ಅಚ್ಚಾಯಿತು ಅಂತ ತೋರಿಸಲು ಆಗದಿದ್ದರೆ ತೆಗೆದುಬಿಡಿ.

## ಬರೆಯುವಾಗ

"ನಾನು ಎಷ್ಟು ಸಹಾಯ ಮಾಡಬಹುದು?"

ಲೈಬ್ರರಿಗೆ ಕರೆದುಕೊಂಡು ಹೋಗಿ, ಕತ್ತರಿ ಅಂಟು ತಂದುಕೊಡಿ, ಓದಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳಲು ಹೇಳಿ. ಕನ್ನಡದಲ್ಲಿ ಹೇಳಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ವಾಕ್ಯ ಮಾತ್ರ ನೀವು ಬರೆಯಬೇಡಿ. ನ್ಯಾಷನಲ್ ಹಿಸ್ಟರಿ ಡೇ ತರಹದ ಸ್ಪರ್ಧೆಗಳಲ್ಲಿ ತೀರ್ಪುಗಾರರ ಎದುರು ಮಗುವೇ ಉತ್ತರ ಹೇಳಬೇಕು.

"ಎರಡೂ ಕಡೆಯವರ ಮಾತು ಹಾಕಿ ಅಂತಾರೆ ಟೀಚರ್. ಚೆರೋಕಿಗಳನ್ನ ಓಡಿಸಿದ್ದಕ್ಕೆ ಎರಡನೇ ಕಡೆ ಅಂತ ಏನಿದೆ?"

ಟೀಚರ್ ಕೇಳುತ್ತಿರುವುದು ಸಮರ್ಥನೆಯನ್ನಲ್ಲ. ಯಾರು ಯಾಕೆ ಹಾಗೆ ನಡೆದುಕೊಂಡರು ಎಂಬುದನ್ನು. ಹಾಗೆ ನೋಡಲು ಹೋದರೆ ಕಡೆಗಳು ಎರಡಲ್ಲ, ನಾಲ್ಕೈದು ಇವೆ.

ಮೂಲನಿವಾಸಿಗಳನ್ನು ಮಿಸಿಸಿಪಿಯ ಪಶ್ಚಿಮಕ್ಕೆ ಕಳಿಸಲು ತಂದ 1830ರ ಇಂಡಿಯನ್ ರಿಮೂವಲ್ ಕಾನೂನು ಸೆನೆಟ್‌ನಲ್ಲಿ 28–19 ಮತಗಳಿಂದ ಪಾಸಾಯಿತು. ಅಂದರೆ ಬಿಳಿಯರಲ್ಲೇ ದೊಡ್ಡ ವಿರೋಧ ಇತ್ತು. 1832ರಲ್ಲಿ ಸುಪ್ರೀಂ ಕೋರ್ಟ್, ಚೆರೋಕಿ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದು ಎಂದು ತೀರ್ಪು ಕೊಟ್ಟಿತು. ಚೆರೋಕಿಗಳೊಳಗೂ ಒಡಕಿತ್ತು. ಬಹುಪಾಲು ಜನ ಜಾನ್ ರಾಸ್ ಜೊತೆ, ನೆಲ ಬಿಡುವುದಿಲ್ಲ ಅಂತ. ಮೇಜರ್ ರಿಡ್ಜ್, ಪತ್ರಿಕೆಯ ಸಂಪಾದಕರಾಗಿದ್ದ ಇಲಾಯಸ್ ಬೂಡಿನೋ ಮೊದಲಾದ ಕೆಲವರು, ಹೇಗೂ ಉಳಿಯಲು ಬಿಡುವುದಿಲ್ಲ, ಮಾತಾಡಿಕೊಂಡೇ ಹೋಗೋಣ ಅಂತ 1835ರಲ್ಲಿ ನ್ಯೂ ಎಕೋಟಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ವಿರುದ್ಧ ಸಾವಿರಾರು ಚೆರೋಕಿಗಳ ಸಹಿಯಿದ್ದ ಮನವಿ ವಾಷಿಂಗ್ಟನ್‌ಗೆ ಹೋಯಿತು. ಆದರೂ ಸೆನೆಟ್ ಒಂದೇ ಮತದ ಅಂತರದಲ್ಲಿ ಒಪ್ಪಂದವನ್ನು ಊರ್ಜಿತ ಮಾಡಿತು. 1838ರಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ಜನರನ್ನು ಹೊರಡಿಸಿದರು. ಆ ದಾರಿಯಲ್ಲಿ, ಶಿಬಿರಗಳಲ್ಲಿ ಸುಮಾರು 4,000 ಜನ ಸತ್ತರು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. 1839ರಲ್ಲಿ ರಿಡ್ಜ್ ಮತ್ತು ಬೂಡಿನೋ ಅವರನ್ನು ಸ್ವಂತ ಜನರೇ ಕೊಂದರು.

ಬೂಡಿನೋ ತಪ್ಪು ಮಾಡಿದರೇ ಎಂಬ ಒಂದೇ ಪ್ರಶ್ನೆಗೆ ಹೈಸ್ಕೂಲಿನ ಹುಡುಗಿಯೊಬ್ಬಳು ಮೂರು ತಿಂಗಳು ಕೊಟ್ಟಳು. ಕೊನೆಗೂ ಹೌದು, ಇಲ್ಲ ಎಂದು ಬರೆಯಲಿಲ್ಲ. ಆತನ ಎದುರು ಇದ್ದ ದಾರಿಗಳನ್ನು ಒಂದೊಂದಾಗಿ ಮುಚ್ಚಿದವರು ಯಾರು ಎಂದು ಬರೆದಳು.

"ನನಗೆ ಲೆಕ್ಕ ಇಷ್ಟ, ಕಥೆ ಇಷ್ಟ ಇಲ್ಲ. ನನಗೇನಾದ್ರೂ ಇದೆಯಾ?"

ಜಮೀನು ಹಿಡಿದುಕೋ. 1862ರ ಹೋಂಸ್ಟೆಡ್ ಕಾನೂನು 160 ಎಕರೆ ಕೊಡುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉಳಬೇಕು, ಒಟ್ಟು ಶುಲ್ಕ ಸುಮಾರು 18 ಡಾಲರ್. ಹೀಗೆ ಹೋದದ್ದು ಒಟ್ಟು ಸುಮಾರು 27 ಕೋಟಿ ಎಕರೆ. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡು. ಮೂಲನಿವಾಸಿಗಳ ಸಾಮೂಹಿಕ ನೆಲವನ್ನು ಒಬ್ಬೊಬ್ಬರಿಗೆ ತುಂಡು ಮಾಡಿ ಹಂಚಿ, ಮಿಕ್ಕದ್ದನ್ನು ಹೊರಗಿನವರಿಗೆ ಬಿಟ್ಟ 1887ರ ಡಾಸ್ ಕಾನೂನು ಬಂದಾಗ ಮೂಲನಿವಾಸಿಗಳ ಕೈಯಲ್ಲಿ ಸುಮಾರು 13.8 ಕೋಟಿ ಎಕರೆ ಇತ್ತು. 1934ರ ಹೊತ್ತಿಗೆ ಉಳಿದದ್ದು 4.8 ಕೋಟಿ.

ನೀರಿನ ಲೆಕ್ಕವೂ ಚೆನ್ನಾಗಿದೆ. ಮಳೆ ಕಡಿಮೆಯಿರುವ ಒಣ ಸೀಮೆಯಲ್ಲಿ 160 ಎಕರೆ ಒಂದು ಸಂಸಾರಕ್ಕೆ ಸಾಲುವುದಿಲ್ಲ, ದನ ಮೇಯಿಸಲು 2,560 ಎಕರೆ ಬೇಕು ಅಂತ ಪಶ್ಚಿಮದ ನೆಲವನ್ನು ಸರ್ವೆ ಮಾಡಿದ ಜಾನ್ ವೆಸ್ಲಿ ಪವೆಲ್ 1878ರಲ್ಲೇ ವರದಿ ಕೊಟ್ಟಿದ್ದರು. ಚಿತ್ರದುರ್ಗದ ಒಣಭೂಮಿ ಕಂಡವರ ಮನೆಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

## ಇನ್ನೂ ಮುಂದೆ ಹೋಗುವವರಿಗೆ

"ಬರೆದಿಡದವರ ಇತಿಹಾಸ ಬರೆಯೋದು ಹೇಗೆ?"

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ, ಪೂರ್ವದಿಂದ ಒಂದು ಪಶ್ಚಿಮದಿಂದ ಒಂದು ಬಂದ ಎರಡು ರೈಲು ಹಳಿಗಳು ಕೂಡಿ, ಪಶ್ಚಿಮಕ್ಕೆ ರೈಲು ದಾರಿ ತೆರೆಯಿತು. ಪಶ್ಚಿಮದ ಸೆಂಟ್ರಲ್ ಪೆಸಿಫಿಕ್ ದಾರಿಯನ್ನು ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟ ಕೊರೆದು ಹಾಕಿದವರಲ್ಲಿ ಬಹುಪಾಲು ಚೀನೀಯರು, ಸಾವಿರಗಟ್ಟಲೆ ಜನ. ಅವರಲ್ಲಿ ಒಬ್ಬರ ಕೈಬರಹದ ಒಂದು ಪತ್ರವೂ ಇವತ್ತಿನವರೆಗೆ ಸಿಕ್ಕಿಲ್ಲ. ಆ ದಿನದ ಹೆಸರಾಂತ ಫೋಟೋದಲ್ಲಿ ಚೀನೀ ಮುಖ ಹುಡುಕಿದರೂ ಸಿಗುವುದು ಕಷ್ಟ.

ಹಾಗಾದರೆ ಏನಿದೆ? ಸಂಬಳದ ಪಟ್ಟಿ ಇದೆ. ಅದರಲ್ಲಿ ಹೆಚ್ಚಾಗಿ ಮೇಸ್ತ್ರಿಯ ಹೆಸರು ಮಾತ್ರ, ಕೈಕೆಳಗಿನ ಆಳುಗಳದ್ದು ತಲೆಲೆಕ್ಕ. ತಂಗಿದ ಜಾಗಗಳಲ್ಲಿ ಅಗೆದಾಗ ಸಿಕ್ಕ ಪಿಂಗಾಣಿ ಬಟ್ಟಲಿನ ಚೂರುಗಳಿವೆ. 1867ರ ಜೂನ್‌ನಲ್ಲಿ ಅವರು ಹೂಡಿದ ಮುಷ್ಕರದ ಬಗ್ಗೆ ಪತ್ರಿಕೆಯ ಸುದ್ದಿ, ಕಂಪನಿ ಯಜಮಾನರ ಪತ್ರಗಳಿವೆ. ಊಟದ ಸರಬರಾಜು ನಿಲ್ಲಿಸಿ ಅದನ್ನು ಮುರಿದದ್ದೂ ಅಲ್ಲೇ ಗೊತ್ತಾಗುತ್ತದೆ. ಎದುರಾಳಿಯ ಪತ್ರದಿಂದಲೇ ಆಳಿನ ಧೈರ್ಯವನ್ನು ಓದಬೇಕು.

ಅಕ್ಷರ ಇಲ್ಲದ ಬರಹವೂ ಇದೆ. ಲಕೋಟಾ ಜನ ಚರ್ಮದ ಮೇಲೆ ವರ್ಷಕ್ಕೊಂದು ಚಿತ್ರ ಬರೆಯುತ್ತಿದ್ದರು. ಹಿರಿಯರು ಕೂತು, ಆ ವರ್ಷ ನೆನಪಿನಲ್ಲಿ ಉಳಿಯಬೇಕಾದದ್ದು ಯಾವುದು ಅಂತ ತೀರ್ಮಾನಿಸುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ ವಿಂಟರ್ ಕೌಂಟ್ ಅನ್ನುತ್ತಾರೆ. ಮೈ ತುಂಬಾ ಚುಕ್ಕೆಯ ಮನುಷ್ಯ ಇದ್ದರೆ ಸಿಡುಬಿನಂಥ ರೋಗ ಬಂದ ವರ್ಷ. 1833ರ ಜಾಗದಲ್ಲಿ ಹಲವು ಚರ್ಮಗಳಲ್ಲಿ ಉದುರುವ ನಕ್ಷತ್ರಗಳಿವೆ. ಆ ನವೆಂಬರ್‌ನಲ್ಲಿ ಉಲ್ಕೆಗಳ ದೊಡ್ಡ ಮಳೆಯೇ ಆಗಿತ್ತು. ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಇಂಥವನ್ನು ದೊಡ್ಡದು ಮಾಡಿ ನೋಡಬಹುದು.

"ನಮ್ಮ ಎಂ.ಎ. ಪಾಠದಲ್ಲಿ ಟರ್ನರ್ ವಾದವನ್ನೇ ಕೊಟ್ಟಿದ್ದಾರೆ. ಅದು ಹಳೆಯದಾಯ್ತಾ?"

1890ರ ಜನಗಣತಿ, ಬಿಳಿಯರು ನೆಲೆಸಿದ ಜಾಗ ಮುಗಿಯುವ ಗಡಿರೇಖೆ (ಫ್ರಾಂಟಿಯರ್) ಎಂದು ಗುರುತಿಸಲು ಆಗುವಂಥದ್ದು ಉಳಿದಿಲ್ಲ ಎಂದಿತು. 1893ರಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ ಷಿಕಾಗೋದಲ್ಲಿ ಆ ಮಾತಿನಿಂದಲೇ ಶುರು ಮಾಡಿ, ಅಮೆರಿಕದ ಪ್ರಜಾಪ್ರಭುತ್ವ ರೂಪುಗೊಂಡದ್ದು ಈ ಸರಿಯುವ ಗಡಿಯಲ್ಲಿ ಎಂದರು. 1980ರ ದಶಕದಿಂದ ಪೆಟ್ರೀಷಿಯಾ ಲಿಮರಿಕ್ ಮೊದಲಾದವರು ಇದನ್ನು ಬುಡದಿಂದ ಪ್ರಶ್ನಿಸಿದರು. ಪಶ್ಚಿಮ ಅಂದರೆ ಸರಿಯುವ ಗೆರೆಯಲ್ಲ, ಹಲವು ಜನ ನೆಲಕ್ಕಾಗಿ, ನೀರಿಗಾಗಿ ಕಾದಾಡಿದ ಒಂದು ಜಾಗ, ಆ ಕಾದಾಟ 1890ಕ್ಕೆ ಮುಗಿಯಲೂ ಇಲ್ಲ ಎಂದರು. ನನಗೆ ಇದು ಹೆಚ್ಚು ಸರಿ ಕಾಣುತ್ತದೆ. ತಮ್ಮಿಂದ ಕಸಿದುಕೊಂಡ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಗಾಗಿ ಲಕೋಟಾಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದೇ 1980ರಲ್ಲಿ. ಪರಿಹಾರದ ಹಣವನ್ನು ಅವರು ಮುಟ್ಟಿಲ್ಲ, ಬೆಟ್ಟವೇ ಬೇಕು ಅನ್ನುತ್ತಾರೆ. ಟರ್ನರ್ ಅವರನ್ನು ಓದಿ, ಆದರೆ 1893ರ ಮೂಲ ಆಕರವಾಗಿ ಓದಿ.

"ಭಾರತೀಯರಿಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ? ಪ್ರಾಜೆಕ್ಟಿಗೆ ನಮ್ಮದು ಅಂತ ಏನಾದ್ರೂ ಸೇರಿಸಬೇಕು."

ಒತ್ತಾಯದಿಂದ ಸೇರಿಸಬೇಡಿ. ಭಾರತೀಯರು ಈ ಕಡೆಗೆ ಗುಂಪಾಗಿ ಬಂದದ್ದು 1900ರ ನಂತರ, ಅವರಲ್ಲಿ ಹೆಚ್ಚಿನವರು ಪಂಜಾಬಿನವರು. ಆದರೆ ನೀವು ಮನೆ ಮಾಡಿರುವ ನೆಲಕ್ಕೆ ಸಂಬಂಧ ಇದ್ದೇ ಇದೆ, ಅಲ್ವಾ?

ಕ್ಯುಪರ್ಟಿನೋದ ಮಕ್ಕಳಿಗೆ ನಾನು ಸ್ಟೀವನ್ಸ್ ಕ್ರೀಕ್ ಹಳ್ಳವನ್ನೇ ಕೊಡುತ್ತೇನೆ. ಇದು ಒಹ್ಲೋನಿ ಜನರ ನೆಲ. 1776ರಲ್ಲಿ ಸ್ಪೇನಿನ ಆನ್ಸಾ ತಂಡ ಈ ಹಳ್ಳಕ್ಕೆ ಸಂತ ಜೋಸೆಫ್ ಕ್ಯುಪರ್ಟಿನೋ ಹೆಸರಿಟ್ಟಿತು. ಊರಿನ ಹೆಸರು ಬಂದದ್ದು ಅಲ್ಲಿಂದ. ಈಗಿನ ಹೆಸರು ಇಲೈಷಾ ಸ್ಟೀಫನ್ಸ್ ಅವರದ್ದು, ಸ್ಪೆಲಿಂಗ್ ತಪ್ಪಾಗಿ ಉಳಿದಿದೆ. 1844ರಲ್ಲಿ ಸಿಯೆರಾ ಬೆಟ್ಟದ ಮೇಲೆ ಮೊದಲ ಸಲ ಗಾಡಿ ದಾಟಿಸಿದ ಐವತ್ತು ಜನರ ಗುಂಪಿನ ನಾಯಕ ಅವರು. ಆ ಗುಂಪಿನಲ್ಲಿ ಯಾರೂ ಸಾಯಲಿಲ್ಲ, ದಾರಿಯಲ್ಲಿ ಎರಡು ಮಕ್ಕಳು ಹುಟ್ಟಿದವು. ಎರಡು ವರ್ಷದ ನಂತರ ಅದೇ ಬೆಟ್ಟದಲ್ಲಿ ಹಿಮಕ್ಕೆ ಸಿಕ್ಕಿ ಹಲವರು ಸತ್ತ ಡಾನರ್ ಗುಂಪಿನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅವರಲ್ಲಿ ಒಂದು ಸಂಸಾರ ತಂಗಿದ್ದು ಸ್ಟೀಫನ್ಸ್ ಗುಂಪಿನವರು ಕಟ್ಟಿ ಬಿಟ್ಟುಹೋದ ಗುಡಿಸಿಲಿನಲ್ಲೇ.

ನಡುವೆ ಮೆಕ್ಸಿಕೋ ಕಾಲವೂ ಇದೆ. ಆಗ ಜಮೀನು ಕೇಳುವವರು ಕೈಯಲ್ಲಿ ಬರೆದ ನಕ್ಷೆ ಕೊಡಬೇಕಿತ್ತು, ಅದಕ್ಕೆ ದಿಸೆನ್ಯೋ ಅನ್ನುತ್ತಾರೆ. ಗುಡ್ಡ, ಹಳ್ಳ, ಒಂಟಿ ಓಕ್ ಮರ, ದಾರಿ, ಎಲ್ಲವನ್ನೂ ಕುಂಚದಲ್ಲಿ ಬರೆದಿರುತ್ತಾರೆ. ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವ ಹಾಗೆ. 1851ರ ಕಾನೂನು ಬಂದ ಮೇಲೆ ಆ ಜಮೀನಿನವರು ಅದೇ ನಕ್ಷೆ ಹಿಡಿದು ಅಮೆರಿಕದ ಕೋರ್ಟಿನಲ್ಲಿ ಹಕ್ಕು ಸಾಬೀತು ಮಾಡಬೇಕಾಯಿತು. ವರ್ಷಗಟ್ಟಲೆ ಎಳೆದ ಕೇಸಿನಲ್ಲಿ ವಕೀಲರ ಫೀಸಿಗೇ ಜಮೀನು ಕಳಕೊಂಡವರಿದ್ದಾರೆ. ಈ ನಕ್ಷೆಗಳು ಬರ್ಕ್ಲಿಯ ಬ್ಯಾಂಕ್ರಾಫ್ಟ್ ಲೈಬ್ರರಿಯಲ್ಲಿವೆ, ಸ್ಕ್ಯಾನ್ ಆಗಿವೆ. ನಿಮ್ಮ ಊರಿನದನ್ನು ಹುಡುಕಿ ಪ್ರಿಂಟ್ ತೆಗೆದುಕೊಂಡು, ಒಂದು ಶನಿವಾರ ಮಗುವಿನ ಜೊತೆ ಹಳ್ಳದ ದಂಡೆಗೆ ಹೋಗಿ. ನಕ್ಷೆಯ ಯಾವ ತಿರುವಿನಲ್ಲಿ ನಿಂತಿದ್ದೀರಿ ಅಂತ ಮಗುವೇ ಕಂಡುಹಿಡಿಯಲಿ.